ಏಥೆನ್ಸಿನಿಂದ ಕೋತಗಿರಿಯವರೆಗೆ: ಪಾಶ್ಚಾತ್ಯ ಚಿಂತನೆ ನಡೆದು ಬಂದ ದಾರಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇರುವರೆಂದೂ, ನಾನು ಒಂದು ಪಾಠವನ್ನೇ ಬರೆದುಕೊಡುವೆನೆಂದೂ ಹೇಳಿದೆನು. ನಾನು ಅನೇಕ ವರ್ಷ ಕಲಿಸಿದ ಚರಿತ್ರೆಯ ಪಾಠಗಳಲ್ಲಿ ಯೂರೋಪಿನ ಮತಸುಧಾರಣೆಯೂ ಒಂದು. ಪಠ್ಯಪುಸ್ತಕದಲ್ಲಿ ಅದಕ್ಕೆ ದೊರೆತಿದ್ದುದು ಕೆಲವೇ ಪುಟಗಳ ಸ್ಥಳ. ಕಾರಣಗಳ ಪಟ್ಟಿಯೊಂದು, ಪರಿಣಾಮಗಳ ಪಟ್ಟಿಯೊಂದು. ಮಕ್ಕಳು ಅವೆರಡನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಬೇಸಿಗೆ ರಜೆಯಲ್ಲಿ ಮರೆತುಬಿಡುತ್ತಿದ್ದರು. ತಪ್ಪು ಅವರದಲ್ಲ. ಲೂಥರನಿಗಿಂತ ಎರಡು ಸಾವಿರ ವರ್ಷಗಳ ಹಿಂದೆ ಆರಂಭವಾದ ಕಥೆಯ ಕೊನೆಯ ಅಧ್ಯಾಯವನ್ನು ಮಾತ್ರ ಓದಿಸಿದರೆ ಯಾರಿಗೆ ತಾನೇ ಅರ್ಥವಾದೀತು? ಆ ಪಾಠವನ್ನು ಇಂದು ಮೊದಲಿನಿಂದ ಹೇಳಲು ಯತ್ನಿಸುತ್ತೇನೆ. ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತಿರುವೆವೆಂದು ಭಾವಿಸಿ ಓದಬೇಕಾಗಿ ಅರಿಕೆ.

ಪಾಠಕ್ಕೆ ಮೊದಲು ಒಂದು ಪ್ರಸಂಗವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ತನಿಖೆಗೆಂದು ಬಂದಿದ್ದ ಅಧಿಕಾರಿಯೊಬ್ಬರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ಕೇಳಿದರು. ಹೊರಗೆ ಬಂದ ಮೇಲೆ ಸೌಜನ್ಯದಿಂದಲೇ, "ಹೆಡ್ ಮಾಸ್ಟರೇ, ಪ್ಲೇಟೋ, ಅರಿಸ್ಟಾಟಲ್ ಇವರನ್ನೆಲ್ಲ ಈ ಭಾಷೆಯಲ್ಲಿ ಹೇಳಿ ಏನು ಪ್ರಯೋಜನ? ಬೇಕಾದವರು ಇಂಗ್ಲಿಷಿನಲ್ಲಿಯೇ ಓದಿಕೊಳ್ಳುತ್ತಾರೆ. ಬೇಡದವರಿಗೆ ಕನ್ನಡದಲ್ಲಿದ್ದರೂ ಬೇಡ" ಎಂದರು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಪ್ಲೇಟೋವಿನ ಹೆಸರನ್ನು ಮೊದಲು ಕನ್ನಡದಲ್ಲಿಯೇ ಕೇಳಿದ್ದ ನನಗೆ ಆ ಹೊತ್ತಿನಲ್ಲಿ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬರು ಕೊಟ್ಟಿದ್ದರೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಪಾಶ್ಚಾತ್ಯ ಚಿಂತನೆಯ ಆರಂಭವನ್ನು ಕ್ರಿ.ಪೂ. 6ನೆಯ ಶತಮಾನದ ಮಿಲೇಟಸ್ ಎಂಬ ಬಂದರು ಪಟ್ಟಣದಲ್ಲಿ ಗುರುತಿಸುವುದು ವಾಡಿಕೆ. ಅದು ಇಂದಿನ ತುರ್ಕಿಯ ಕರಾವಳಿಯಲ್ಲಿದ್ದ ಗ್ರೀಕರ ನೆಲೆ. ಅಲ್ಲಿಯ ಥೇಲೀಸನು ಜಗತ್ತಿನ ಮೂಲದ್ರವ್ಯವು ನೀರು ಎಂದನು. ಅವನ ಶಿಷ್ಯಪರಂಪರೆಯ ಅನಾಕ್ಸಿಮೆನೀಸನು ಅಲ್ಲ, ಗಾಳಿ ಎಂದನು. ಎರಡೂ ಉತ್ತರಗಳು ಇಂದು ನಿಲ್ಲುವುದಿಲ್ಲ. ಆದರೆ ಶಿಷ್ಯನಾದವನು ಗುರುವಿನ ಮಾತನ್ನು ಅಲ್ಲಗಳೆದು, ತನ್ನ ಮಾತಿಗೆ ಕಾರಣವನ್ನು ಕೊಡಬಹುದೆಂಬ ಪದ್ಧತಿ ಅಲ್ಲಿ ಬೇರೂರಿತು. ನಮ್ಮ ಉಪನಿಷತ್ತುಗಳಲ್ಲಿಯೂ ಇಂತಹ ಪ್ರಶ್ನೋತ್ತರಗಳು ನಡೆದಿವೆ. ಗಾರ್ಗಿಯು ಯಾಜ್ಞವಲ್ಕ್ಯನನ್ನು ಸಭೆಯ ನಡುವೆ ಕೆಣಕಿದ ಪ್ರಸಂಗವನ್ನು ತಿಳಿದವರಿಗೆ ಇದು ಹೊಸತೆನಿಸದು.

ಈ ಪ್ರಶ್ನೆಗಳನ್ನು ಆಕಾಶದಿಂದ ಇಳಿಸಿ ಸಂತೆಯ ಬೀದಿಗೆ ತಂದವನು ಏಥೆನ್ಸಿನ ಸಾಕ್ರಟೀಸ್. ಅವನು ಒಂದು ಸಾಲನ್ನೂ ಬರೆದಿಡಲಿಲ್ಲ. ಧೈರ್ಯವೆಂದರೇನು, ನ್ಯಾಯವೆಂದರೇನು ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತ ಹೋದನು. ಸೇನಾಪತಿಗೆ ಧೈರ್ಯದ ಅರ್ಥ ಹೇಳಲು ಬರಲಿಲ್ಲ; ಪುರೋಹಿತನಂತಿದ್ದವನಿಗೆ ಭಕ್ತಿಯ ಅರ್ಥ ಹೇಳಲು ಬರಲಿಲ್ಲ. ದೊಡ್ಡವರಿಗೆ ಇದರಿಂದ ಮುಖಭಂಗವಾಯಿತು. ನಗರದ ದೇವತೆಗಳನ್ನು ಒಪ್ಪದವನು, ಯುವಕರನ್ನು ಕೆಡಿಸಿದವನು ಎಂಬ ಆರೋಪದ ಮೇಲೆ ಕ್ರಿ.ಪೂ. 399ರಲ್ಲಿ ಅವನಿಗೆ ವಿಷಪಾನದ ಶಿಕ್ಷೆಯಾಯಿತು. ತಪ್ಪಿಸಿಕೊಂಡು ಹೋಗಲು ಸ್ನೇಹಿತರು ಏರ್ಪಾಡು ಮಾಡಿದ್ದರೂ ಅವನು ಒಪ್ಪಲಿಲ್ಲ. ತನ್ನ ಒಳಗಿನ ದನಿಗೆ ಎದುರಾಗಿ ನಡೆಯಲಾರೆನೆಂದು ನ್ಯಾಯಸಭೆಯ ಮುಂದೆ ನಿಂತ ಈ ಮುದುಕನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸುಮಾರು 1,900 ವರ್ಷಗಳ ಮೇಲೆ ಇಂತಹ ಇನ್ನೊಬ್ಬನು ಇನ್ನೊಂದು ಸಭೆಯ ಮುಂದೆ ನಿಲ್ಲುವನು.

ಸಾಕ್ರಟೀಸನ ಶಿಷ್ಯ ಪ್ಲೇಟೋ. ಕಣ್ಣಿಗೆ ಕಾಣುವ ವಸ್ತುಗಳು ನಿತ್ಯವಾದ ರೂಪಗಳ ನೆರಳುಗಳೆಂದೂ, ಗುಹೆಯಲ್ಲಿ ಕಟ್ಟಿಹಾಕಲ್ಪಟ್ಟವರು ಗೋಡೆಯ ಮೇಲಿನ ನೆರಳನ್ನೇ ನಿಜವೆಂದು ನಂಬುವಂತೆ ನಾವು ಬದುಕುತ್ತಿರುವೆವೆಂದೂ ಅವನು ಹೇಳಿದನು. ಅವನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384-322) ವೈದ್ಯನ ಮಗ; ನೆರಳಿಗಿಂತ ಮೀನು, ಕೋಳಿಮೊಟ್ಟೆ, ಜೇನುಹುಳುಗಳನ್ನು ಬಿಡಿಸಿ ನೋಡುವುದರಲ್ಲಿ ಅವನಿಗೆ ಆಸಕ್ತಿ. ತರ್ಕಶಾಸ್ತ್ರಕ್ಕೆ ನಿಯಮಗಳನ್ನು ಕಟ್ಟಿಕೊಟ್ಟನು. ಇವರಿಬ್ಬರ ಜಗಳವೇ ಮುಂದಿನ ಯೂರೋಪಿನ ಚಿಂತನೆಯ ಅರ್ಧಭಾಗ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನು. ಈಗ ಯೋಚಿಸಿದರೆ ಅದು ಸ್ವಲ್ಪ ಹೆಚ್ಚಾಯಿತೆನಿಸುತ್ತದೆ, ಆದರೂ ಪೂರ್ತಿ ತಪ್ಪಲ್ಲ.

ಗ್ರೀಕರ ಒಂದು ದೋಷವನ್ನೂ ಹೇಳಬೇಕು. ಗ್ರೀಕ್ ಮಾತನಾಡದವರೆಲ್ಲರೂ ಅವರಿಗೆ 'ಬಾರ್ಬರೋಯ್', ಎಂದರೆ ಬರಬರ ಎಂದು ಅರ್ಥವಿಲ್ಲದೆ ಗುಳುಗುಟ್ಟುವವರು. ಅಷ್ಟು ದೊಡ್ಡ ಬುದ್ಧಿಯ ಅರಿಸ್ಟಾಟಲನೂ ಅಂತಹವರು ಸ್ವಭಾವದಿಂದಲೇ ಗುಲಾಮರೆಂದು ಬರೆದನು. ಕನ್ನಡಿಗರಾದ ನಮಗೆ ಇಲ್ಲಿ ಒಂದು ತಮಾಷೆಯಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ, 1903ರಲ್ಲಿ ಪ್ರಕಟವಾದ ಪ್ಯಾಪಿರಸ್ಸಿನ ಸುರುಳಿಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ತೀರದಲ್ಲಿ ಸೆರೆಸಿಕ್ಕಿದ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣಿನ ಕಥೆ ಅದು. ಅದರಲ್ಲಿ ಭಾರತೀಯರ ಬಾಯಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನಿಯ ಹುಲ್ಚ್ ಸೂಚಿಸಿದರು, ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅವರು ಆ ವಾದವನ್ನು ಬೆಳೆಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ನಿಜವೇ ಆಗಿದ್ದಲ್ಲಿ, ಪಶ್ಚಿಮದ ರಂಗಭೂಮಿಯನ್ನು ಕನ್ನಡವು ಮೊದಲು ಪ್ರವೇಶಿಸಿದ್ದು ಪ್ರೇಕ್ಷಕರನ್ನು ನಗಿಸುವ ಬರಬರ ಭಾಷೆಯಾಗಿ!

ಅಲೆಕ್ಸಾಂಡರನ ದಿಗ್ವಿಜಯದ ನಂತರ ಗ್ರೀಕ್ ಭಾಷೆಯು ಈಜಿಪ್ಟಿನಿಂದ ಗಾಂಧಾರದವರೆಗೆ ಹರಡಿತು. ರೋಮನರು ಗ್ರೀಸನ್ನು ಗೆದ್ದರು, ಆದರೆ ಬುದ್ಧಿಯ ವಿಷಯದಲ್ಲಿ ತಾವೇ ಸೋತರು. ರೋಮಿನ ಸಿರಿವಂತರ ಮಕ್ಕಳಿಗೆ ಗ್ರೀಕ್ ಗುಲಾಮರೇ ಉಪಾಧ್ಯಾಯರು. ಸಾಮ್ರಾಟ ಮಾರ್ಕಸ್ ಅರೇಲಿಯಸ್ ಕೂಡ ತನ್ನ ಆತ್ಮಚಿಂತನೆಗಳನ್ನು ಬರೆದುಕೊಂಡಿದ್ದು ಗ್ರೀಕಿನಲ್ಲಿ. ತನ್ನ ಸೈನಿಕರಿಗೆ ಆಜ್ಞೆ ಮಾಡಲು ಲ್ಯಾಟಿನ್, ತನ್ನ ಮನಸ್ಸಿನೊಡನೆ ಮಾತನಾಡಲು ಗ್ರೀಕ್.

ಈ ಸಂದರ್ಭದಲ್ಲಿಯೇ ಸಿಸೆರೋ (ಕ್ರಿ.ಪೂ. 106-43) ಬರುತ್ತಾನೆ. ರಾಜಕಾರಣದಿಂದ ದೂರ ಸರಿಯಬೇಕಾಗಿ ಬಂದ ಕೊನೆಯ ವರ್ಷಗಳಲ್ಲಿ, ಗ್ರೀಕ್ ತತ್ತ್ವಶಾಸ್ತ್ರವನ್ನು ಲ್ಯಾಟಿನ್ನಿಗೆ ತರಲು ಅವನು ತೊಡಗಿದನು. ಅವನ 'ಅಕಾಡೆಮಿಕಾ' ಎಂಬ ಸಂವಾದಗ್ರಂಥದಲ್ಲಿ ವರ್ರೋ ಎಂಬ ವಿದ್ವಾಂಸನು ಒಂದು ಆಕ್ಷೇಪವನ್ನು ಎತ್ತುತ್ತಾನೆ. ತತ್ತ್ವಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಹೇಗೂ ಗ್ರೀಕಿನಲ್ಲಿಯೇ ಓದುವರು; ಗ್ರೀಕ್ ವಿದ್ಯೆ ಬೇಡವೆನ್ನುವವರು ಲ್ಯಾಟಿನ್ನಿನಲ್ಲಿದ್ದರೂ ಮುಟ್ಟರು; ಹೀಗಿರುವಾಗ ಯಾರಿಗಾಗಿ ಬರೆಯಬೇಕು ಎಂಬುದು ಅವನ ವಾದದ ತಿರುಳು. ಇದನ್ನು ಓದಿದಾಗ ನಮ್ಮ ಶಾಲೆಯ ಜಗಲಿಯ ಮೇಲೆ ನಿಂತು ಮಾತನಾಡಿದ ಆ ಅಧಿಕಾರಿಯವರ ದನಿಯೇ ಕೇಳಿದಂತಾಯಿತು. ಸಿಸೆರೋ ಒಪ್ಪಲಿಲ್ಲ. ಗ್ರೀಕ್ ಓದಬಲ್ಲವರೂ ತಮ್ಮ ಭಾಷೆಯ ಕಾವ್ಯ, ನಾಟಕಗಳನ್ನು ಓದುವುದಿಲ್ಲವೇ, ತತ್ತ್ವವನ್ನು ಮಾತ್ರ ಏಕೆ ಓದಬಾರದು ಎಂಬ ಧಾಟಿಯಲ್ಲಿ ಉತ್ತರಿಸಿದನು. ಮಾತ್ರವಲ್ಲ, ಪದಗಳಿಲ್ಲದ ಕಡೆ ಪದಗಳನ್ನು ಟಂಕಿಸಿದನು. ಗುಣ ಎಂಬರ್ಥದ 'ಕ್ವಾಲಿಟಾಸ್', ನೈತಿಕ ಎಂಬರ್ಥದ 'ಮೊರಾಲಿಸ್' ಅವನು ರೂಢಿಗೆ ತಂದ ಶಬ್ದಗಳು. ಇಂದು ನಾವು ಚಹಾ ಎಲೆಯ 'ಕ್ವಾಲಿಟಿ' ಎನ್ನುವಾಗ, ಮಕ್ಕಳಿಗೆ ಕಥೆಯ 'ಮಾರಲ್' ಹೇಳುವಾಗ, ತತ್ತ್ವಕ್ಕೆ ತಕ್ಕುದಲ್ಲವೆಂದು ಎಣಿಸಲಾಗಿದ್ದ ಭಾಷೆಯೊಂದಕ್ಕೆ ಆತನು ಹೊಸೆದುಕೊಟ್ಟ ಪದಗಳನ್ನೇ ಬಳಸುತ್ತೇವೆ.

ಕ್ರೈಸ್ತಧರ್ಮದ ಉದಯದೊಡನೆ ಕಥೆಗೆ ಬೇರೊಂದು ತಿರುವು. ಯೇಸುವು ಆಡಿದ ಭಾಷೆ ಅರಾಮಿಕ್. ಅವನ ಮಾತುಗಳು ನಮಗೆ ದೊರೆತಿರುವುದು ಗ್ರೀಕಿನಲ್ಲಿ. ಅದು ಪ್ಲೇಟೋವಿನ ನಯವಾದ ಗ್ರೀಕಲ್ಲ, ಬಂದರಿನ ವ್ಯಾಪಾರಿಗಳೂ ದುಡಿಯುವವರೂ ಆಡುತ್ತಿದ್ದ ಬಳಕೆಯ ಗ್ರೀಕ್. ಪೋಪ್ ಡಮಾಸಸನ ಕೋರಿಕೆಯಂತೆ 382ರಲ್ಲಿ ಜೆರೋಮನು ಬೈಬಲ್ಲಿನ ಲ್ಯಾಟಿನ್ ಪಾಠವನ್ನು ತಿದ್ದಲಾರಂಭಿಸಿ, ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಿಂದಲೇ ಅನುವಾದಿಸಿದನು. ಅದಕ್ಕೆ ಮುಂದೆ 'ವಲ್ಗೇಟ್' ಎಂಬ ಹೆಸರಾಯಿತು. ಜನಸಾಮಾನ್ಯರ ಪಾಠ ಎಂಬುದು ಅದರ ಅರ್ಥ. ಹೆಸರು ಉಳಿಯಿತು, ಜನಸಾಮಾನ್ಯರ ಭಾಷೆ ಮಾತ್ರ ಬದಲಾಗುತ್ತ ಹೋಯಿತು.

ಇದೇ ಕಾಲದ ಅಗಸ್ಟೀನನು (354-430) ಇಂದಿನ ಅಲ್ಜೀರಿಯದವನು. ಬಾಲ್ಯದಲ್ಲಿ ಗ್ರೀಕ್ ಪಾಠವೆಂದರೆ ತನಗೆ ಆಗುತ್ತಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಇಂಗ್ಲಿಷ್ ವ್ಯಾಕರಣಕ್ಕೆ ಹೆದರಿದ ನಮ್ಮ ಮಕ್ಕಳು ಇದರಿಂದ ಧೈರ್ಯ ತಾಳಬಹುದು. ಮನುಷ್ಯನು ಸ್ವಪ್ರಯತ್ನದಿಂದ ಉದ್ಧಾರವಾಗಲಾರನು, ದೇವರ ಕೃಪೆಯೇ ಬೇಕು ಎಂಬುದು ಅವನ ಮುಖ್ಯ ಸಿದ್ಧಾಂತ. 1,100 ವರ್ಷಗಳ ಮೇಲೆ ಅವನ ಹೆಸರಿನ ಸಂನ್ಯಾಸಿ ಸಂಘವೊಂದರಲ್ಲಿ ಆ ಮಾತು ಮತ್ತೆ ಕಿಡಿಯಾಗುವುದನ್ನು ನೋಡಲಿದ್ದೇವೆ.

ರೋಮ್ ಕುಸಿಯಿತು. ಪಶ್ಚಿಮದಲ್ಲಿ ಗ್ರೀಕ್ ಬಲ್ಲವರು ವಿರಳವಾದರು. ಪ್ಲೇಟೋ, ಅರಿಸ್ಟಾಟಲರ ಎಲ್ಲ ಗ್ರಂಥಗಳನ್ನೂ ಲ್ಯಾಟಿನ್ನಿಗೆ ತರುವೆನೆಂದು ಹೊರಟ ಬೋಯೀಥಿಯಸನಿಗೆ, ತರ್ಕದ ಕೆಲವು ಗ್ರಂಥಗಳನ್ನು ಮುಗಿಸುವಷ್ಟರಲ್ಲಿ, ಸುಮಾರು 524ರಲ್ಲಿ ಮರಣದಂಡನೆಯಾಯಿತು. 529ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಏಥೆನ್ಸಿನಲ್ಲಿ ತತ್ತ್ವಬೋಧೆಯನ್ನು ನಿಷೇಧಿಸಿದನು. ಆ ದೀಪವನ್ನು ಆರದಂತೆ ಕಾಪಾಡಿದವರಲ್ಲಿ ಬಾಗ್ದಾದಿನ ಅನುವಾದಕರು ಪ್ರಮುಖರು. 9ನೆಯ ಶತಮಾನದಲ್ಲಿ ಹುನೈನ್ ಇಬ್ನ್ ಇಸಾಕ್ ಮತ್ತು ಅವನ ಸಂಗಡಿಗರು ಗ್ರೀಕ್ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದರು. ನಮ್ಮ ದೇಶದ ಅಂಕಿಗಳೂ ಸೊನ್ನೆಯೂ ಪಶ್ಚಿಮಕ್ಕೆ ಹೋದದ್ದು ಆ ಅರಬ್ಬಿ ದಾರಿಯಲ್ಲಿಯೇ. 12ನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೋ ನಗರದಲ್ಲಿ ಆ ಗ್ರಂಥಗಳು ಅರಬ್ಬಿಯಿಂದ ಲ್ಯಾಟಿನ್ನಿಗೆ ಬಂದವು. ಕೊರ್ಡೋವಾದ ಇಬ್ನ್ ರುಷ್ದನ ವ್ಯಾಖ್ಯಾನಗಳೂ ಅವುಗಳ ಬೆನ್ನಿಗೇ ತಲಪಿದವು. ಹೀಗೆ ಮರಳಿದ ಅರಿಸ್ಟಾಟಲನನ್ನು ಕ್ರೈಸ್ತ ನಂಬಿಕೆಯೊಡನೆ ಹೊಂದಿಸುವ ಬೃಹತ್ ಕಾರ್ಯವನ್ನು ಥಾಮಸ್ ಅಕ್ವಿನಾಸನು (ಸು. 1225-1274) ಮಾಡಿದನು. ವಿಚಾರವೂ ವಿಶ್ವಾಸವೂ ಒಂದೇ ದೇವರು ಕೊಟ್ಟವು, ಆದುದರಿಂದ ಅವು ಕಾದಾಡಬೇಕಿಲ್ಲ ಎಂಬುದು ಅವನ ನಿಲುವು. ಇದನ್ನು 'ಕತ್ತಲ ಯುಗ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಹಳೆಯ ಪಠ್ಯಪುಸ್ತಕಗಳ ಮಾತನ್ನು ನಾನೂ ಕಲಿಸಿದ್ದೇನೆ, ಅದು ಸರಿಯಲ್ಲ.

ಆದರೆ ಈ ವಿದ್ಯೆಯೆಲ್ಲವೂ ಲ್ಯಾಟಿನ್ನಿನ ಕೋಟೆಯೊಳಗೆ ಇತ್ತು. ಬೊಲೋನಾ, ಪ್ಯಾರಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ಪಾಠ, ವಾದ ಎಲ್ಲವೂ ಲ್ಯಾಟಿನ್. ದೇವಾಲಯದ ಪೂಜೆಯೂ ಲ್ಯಾಟಿನ್. ಉಳುವವನಿಗೆ, ನೇಯುವವನಿಗೆ, ಮನೆಯ ಹೆಂಗಸಿಗೆ ಅದು ಅರ್ಥವಾಗದ ಮಂತ್ರ. ಕೋಟೆಯ ಗೋಡೆಯನ್ನು ಒಳಗಿನಿಂದಲೇ ತಟ್ಟಿದವರಲ್ಲಿ ದಾಂತೆ ಒಬ್ಬನು. ದಾದಿಯ ಮಡಿಲಲ್ಲಿ ಕಲಿತ ಮಾತೇ ವ್ಯಾಕರಣದಿಂದ ಕಲಿತ ಲ್ಯಾಟಿನ್ನಿಗಿಂತ ಶ್ರೇಷ್ಠವೆಂದು ಅವನು ವಾದಿಸಿದನು. ಆ ವಾದವನ್ನು ಅವನು ಬರೆದಿದ್ದು ಲ್ಯಾಟಿನ್ನಿನಲ್ಲಿಯೇ ಎಂಬುದು ಸ್ವಾರಸ್ಯಕರ. ಮಹಾಕಾವ್ಯವನ್ನು ಮಾತ್ರ ಇಟಾಲಿಯನ್ನಿನಲ್ಲಿ ಬರೆದನು. ಇಂಗ್ಲೆಂಡಿನ ವಿಕ್ಲಿಫನ ಪ್ರೇರಣೆಯಿಂದ ಬೈಬಲ್ಲು ಇಂಗ್ಲಿಷಿಗೆ ಬಂದಿತು. ಅವನು 1384ರಲ್ಲಿ ತೀರಿಕೊಂಡ ಮೇಲೆಯೂ ಕೋಪವು ಆರದೆ, 1428ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಚೆಕ್ ಭಾಷೆಯಲ್ಲಿ ಬೋಧಿಸಿದ ಯಾನ್ ಹುಸ್‌ನನ್ನು 1415ರಲ್ಲಿ ಜೀವಂತವಾಗಿಯೇ ಸುಟ್ಟರು. ದಾಂತೆಗಿಂತ ನೂರೈವತ್ತು ವರ್ಷ ಮೊದಲೇ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡದ ಶರಣರೂ ದೇವರೊಡನೆ ಮಾತನಾಡಲು ಸಂಸ್ಕೃತದ ಮಧ್ಯಸ್ಥಿಕೆ ಬೇಡವೆಂದು ಆಡುಗನ್ನಡವನ್ನು ಹಿಡಿದುದನ್ನು ಇಲ್ಲಿ ನೆನೆಯದೆ ಇರಲಾರೆನು. ಚಮ್ಮಾರನೂ ಅಂಬಿಗನೂ ಅಲ್ಲಿ ತತ್ತ್ವವನ್ನು ನುಡಿದರು. ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ನಮ್ಮ ಬೆಟ್ಟದವರು ಒಮ್ಮೆಯಾದರೂ ಹೋಗಿಬರಬೇಕು.

15ನೆಯ ಶತಮಾನದಲ್ಲಿ ಎರಡು ಸಾಧನಗಳು ಕೂಡಿ ಬಂದವು. ಒಂದು, ಗುಟೆನ್‌ಬರ್ಗನ ಅಚ್ಚಿನ ಯಂತ್ರ. ಅವನ ಬೈಬಲ್ಲು ಸುಮಾರು 1455ರಲ್ಲಿ ಹೊರಬಂದಿತು. ಇನ್ನೊಂದು, ಮೂಲಭಾಷೆಯನ್ನು ಕಲಿತು ಹಳೆಯ ಪಾಠಗಳನ್ನು ಪರೀಕ್ಷಿಸುವ ವಿದ್ಯೆ. ರೋಮಿನ ಅಧಿಕಾರವನ್ನು ಕಾನ್‌ಸ್ಟಂಟೈನ್ ಚಕ್ರವರ್ತಿಯೇ ಪೋಪರಿಗೆ ದಾನ ಮಾಡಿದನೆಂಬ ಪತ್ರವೊಂದಿತ್ತು. ಅದರ ಲ್ಯಾಟಿನ್ನು ಕಾನ್‌ಸ್ಟಂಟೈನನ ಕಾಲದ್ದಲ್ಲ, ಆದುದರಿಂದ ಪತ್ರವೇ ಖೋಟಾ ಎಂದು 1440ರಲ್ಲಿ ಲೊರೆಂಜೋ ವಲ್ಲ ತೋರಿಸಿಕೊಟ್ಟನು. ನಮ್ಮ ಶಾಸನತಜ್ಞರು ಹಳಗನ್ನಡದ ರೂಪವನ್ನು ನೋಡಿ ಕೂಟಶಾಸನವನ್ನು ಹಿಡಿಯುವ ರೀತಿ ಇದೇ.

ಇನ್ನು ಬಾಸೆಲ್ ನಗರ. ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದ ಈ ಊರಿನ ಹೆಸರನ್ನು ಓದುಗರು ಮನಸ್ಸಿನಲ್ಲಿಟ್ಟಿರಬೇಕು. 1516ರಲ್ಲಿ ಅಲ್ಲಿಯ ಫ್ರೋಬೆನನ ಅಚ್ಚುಕೂಟದಿಂದ ಎರಾಸ್ಮಸನು ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ತನ್ನ ಲ್ಯಾಟಿನ್ ಅನುವಾದದೊಡನೆ ಪ್ರಕಟಿಸಿದನು. ಒಂದೇ ಒಂದು ಪದವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯೇಸುವಿನ ಬೋಧನೆಯ ಆರಂಭದಲ್ಲಿ ಬರುವ ಒಂದು ಗ್ರೀಕ್ ಕ್ರಿಯಾಪದಕ್ಕೆ ಮನಸ್ಸನ್ನು ತಿರುಗಿಸಿಕೊಳ್ಳಿರಿ ಎಂದು ಅರ್ಥ. ವಲ್ಗೇಟಿನಲ್ಲಿ ಅದು ಪ್ರಾಯಶ್ಚಿತ್ತ ಮಾಡಿರಿ ಎಂದು ತೋರುವಂತೆ ಇತ್ತು. ಪ್ರಾಯಶ್ಚಿತ್ತವೆಂದ ಕೂಡಲೇ ಗುರುಗಳ ಮುಂದೆ ನಿವೇದನೆ, ಅವರು ವಿಧಿಸುವ ದಂಡ, ಆ ದಂಡಕ್ಕೆ ರಿಯಾಯಿತಿ, ರಿಯಾಯಿತಿಗೆ ಬೆಲೆ, ಹೀಗೆ ಒಂದು ದೊಡ್ಡ ವ್ಯವಸ್ಥೆಯೇ ಬೆಳೆದುಕೊಂಡಿತ್ತು. ಪದದ ಅರ್ಥವು ಹೊರಗಿನ ಕ್ರಿಯೆಯಲ್ಲ, ಒಳಗಿನ ತಿರುವು ಎಂದಾದರೆ ಆ ವ್ಯವಸ್ಥೆಯ ಬುಡವೇ ಅಲುಗುತ್ತದೆ.

ಅದು ಅಲುಗಿತು. ರೋಮಿನ ಸಂತ ಪೀಟರರ ದೇವಾಲಯದ ನಿರ್ಮಾಣಕ್ಕೂ, ಮೈಂಟ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟನ ಸಾಲಕ್ಕೂ ಹಣ ಬೇಕಾಗಿ, ಟೆಟ್ಸೆಲ್ ಎಂಬ ಸಂನ್ಯಾಸಿಯು ಪಾಪವಿಮೋಚನಾ ಪತ್ರಗಳನ್ನು ಊರೂರಿಗೆ ಕೊಂಡೊಯ್ದನು. ವಿಟೆನ್‌ಬರ್ಗಿನ ಪ್ರಾಧ್ಯಾಪಕನೂ ಅಗಸ್ಟೀನ್ ಸಂಘದ ಸಂನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರನು 1517ರ ಅಕ್ಟೋಬರ್ 31ರಂದು 95 ವಾದಸೂತ್ರಗಳನ್ನು ಮುಂದಿಟ್ಟನು. ಅವುಗಳಲ್ಲಿ ಮೊದಲನೆಯದೇ ಮೇಲೆ ಹೇಳಿದ ಆ ಪದದ ಅರ್ಥವನ್ನು ಕುರಿತದ್ದು. ಸೂತ್ರಗಳು ವಿದ್ವಾಂಸರ ಚರ್ಚೆಗಾಗಿ ಲ್ಯಾಟಿನ್ನಿನಲ್ಲಿದ್ದವು. ಮರುವರ್ಷ ಅದೇ ವಿಷಯವನ್ನು ಅವನು ಸರಳವಾದ ಜರ್ಮನ್ನಿನಲ್ಲಿ ಒಂದು ಚಿಕ್ಕ ಪುಸ್ತಿಕೆಯಾಗಿ ಬರೆದನು. ಅದು ಮತ್ತೆ ಮತ್ತೆ ಅಚ್ಚಾಯಿತು. ಚರ್ಚೆಯು ಅಂದಿಗೆ ವಿದ್ವಾಂಸರ ಕೈಬಿಟ್ಟಿತು. 1521ರಲ್ಲಿ ವರ್ಮ್ಸ್ ನಗರದ ಮಹಾಸಭೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಮುಂದೆ, ಬರೆದುದನ್ನು ಹಿಂತೆಗೆದುಕೊಳ್ಳುವೆಯಾ ಎಂದು ಕೇಳಿದಾಗ, ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆನೆಂದು ಲೂಥರನು ನಿರಾಕರಿಸಿದನು. ಏಥೆನ್ಸಿನ ಮುದುಕನನ್ನು ನೆನಪಿಡಬೇಕೆಂದು ನಾನು ಕೇಳಿಕೊಂಡದ್ದು ಇದಕ್ಕಾಗಿ.

ಆಪ್ತರು ಅವನನ್ನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿಸಿಟ್ಟರು. ಅಲ್ಲಿ ಸುಮಾರು ಹನ್ನೊಂದು ವಾರಗಳಲ್ಲಿ, ಎರಾಸ್ಮಸನ ಗ್ರೀಕ್ ಪಾಠವನ್ನು ಮುಂದಿಟ್ಟುಕೊಂಡು, ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದನು. 1522ರ ಸೆಪ್ಟೆಂಬರಿನಲ್ಲಿ ಅಚ್ಚಾದ ಪ್ರತಿಗಳು ಬೇಗನೆ ಮುಗಿದು, ಡಿಸೆಂಬರಿನಲ್ಲಿಯೇ ಎರಡನೆಯ ಮುದ್ರಣವಾಯಿತು. ಪೂರ್ಣ ಬೈಬಲ್ಲು 1534ರಲ್ಲಿ ಬಂದಿತು. ಜರ್ಮನ್ ಹೇಗಿರಬೇಕೆಂಬುದನ್ನು ಲ್ಯಾಟಿನ್ ಅಕ್ಷರಗಳನ್ನು ಕೇಳಿ ತಿಳಿಯಲಾಗದು. ಮನೆಯ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಸಂತೆಯ ಸಾಮಾನ್ಯನನ್ನೂ ಕೇಳಬೇಕೆಂಬ ಅಭಿಪ್ರಾಯವನ್ನು ಅವನು 1530ರ ಪತ್ರವೊಂದರಲ್ಲಿ ವಿವರಿಸಿದ್ದಾನೆ. ಅದೇ ಲೂಥರನು ಗ್ರೀಕ್, ಹೀಬ್ರೂಗಳನ್ನು ಬಿಟ್ಟರೆ ಧರ್ಮವೂ ಕೆಡುವುದೆಂದು 1524ರಲ್ಲಿ ನಗರಸಭೆಗಳಿಗೆ ಎಚ್ಚರಿಸಿದನು. ತಾಯ್ನುಡಿಯನ್ನು ಎತ್ತಿ ಹಿಡಿಯುವವರು ಬೇರೆ ಭಾಷೆ ಬೇಡವೆಂದು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅವನ ಜೊತೆಗಾರ ಮೆಲಾಂಕ್‌ಥನ್, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಿಂದ ಬಂದ ಗ್ರೀಕ್ ಪ್ರಾಧ್ಯಾಪಕ. ಶಾಲೆಗಳನ್ನು ಕಟ್ಟಿದುದಕ್ಕಾಗಿ ಜರ್ಮನಿಯ ಗುರುವೆಂದು ಹೆಸರಾದನು.

ಲೂಥರನನ್ನು ನಾನು ಪೂಜಿಸುತ್ತಿಲ್ಲ. ಅವನ ಮಾತನ್ನೇ ಆಧರಿಸಿ ತಮ್ಮ ಬಿಡುಗಡೆಯನ್ನು ಕೇಳಿದ ರೈತರು 1525ರಲ್ಲಿ ದಂಗೆಯೆದ್ದಾಗ, ಅವರನ್ನು ಕಡಿದುಹಾಕಿರೆಂದು ದೊರೆಗಳಿಗೆ ಬರೆದವನೂ ಅವನೇ. ಸತ್ತವರ ಸಂಖ್ಯೆ ಲಕ್ಷದ ಸಮೀಪವೆಂದು ಅಂದಾಜು. ಯೆಹೂದ್ಯರನ್ನು ಕುರಿತು 1543ರಲ್ಲಿ ಅವನು ಬರೆದುದಂತೂ ಓದಲಾಗದಷ್ಟು ಕ್ರೂರ. ಓದುವ ಹಕ್ಕನ್ನು ಜನರಿಗೆ ಕೊಟ್ಟವನು, ಓದಿದವರು ತಾನೆಣಿಸದ ಅರ್ಥವನ್ನು ಹೇಳಿದಾಗ ಸಹಿಸಲಿಲ್ಲ.

ಈ ಕಥೆಯು ನಮ್ಮ ಬೆಟ್ಟಕ್ಕೆ ಎರಡು ದಾರಿಗಳಲ್ಲಿ ಬಂದಿತು. ಮೊದಲನೆಯದು ಲೂಥರನ ಎದುರಾಳಿಗಳ ದಾರಿ. ಮತಸುಧಾರಣೆಯ ಬಿರುಗಾಳಿಯ ಕಾಲದಲ್ಲಿ, 1540ರಲ್ಲಿ, ಪೋಪರ ಮನ್ನಣೆ ಪಡೆದ ಜೆಸುಯಿಟ್ ಸಂಘದ ಪಾದ್ರಿಗಳು ಮಲಬಾರಿನಲ್ಲಿ ನೆಲೆಸಿದ್ದರು. ಬೆಟ್ಟದ ಮೇಲೆ ಎಂದೋ ಅಗಲಿಹೋದ ಕ್ರೈಸ್ತರು ಇದ್ದಾರೆಂಬ ವದಂತಿಯನ್ನು ಪರೀಕ್ಷಿಸಲು ಅವರಲ್ಲೊಬ್ಬನಾದ ಇಟಲಿಯ ಜಾಕೊಮೋ ಫೆನಿಸಿಯೋ 1603ರಲ್ಲಿ ನೀಲಗಿರಿಯನ್ನು ಏರಿದನು. ಅವನಿಗೆ ಕಂಡವರು ತೊದವರು ಮತ್ತು ಬಡಗರು. ಕ್ರೈಸ್ತರಾರೂ ಇರಲಿಲ್ಲ, ಹಿಂದಿರುಗಿದನು. ಬಡಗರನ್ನು ಕುರಿತ ಮೊದಲ ಯೂರೋಪಿಯನ್ ಬರಹ ಅವನದೇ.

ಎರಡನೆಯದು ಬಾಸೆಲಿನ ದಾರಿ. ಎರಾಸ್ಮಸನ ಗ್ರಂಥವು ಅಚ್ಚಾದ, ಕ್ಯಾಲ್ವಿನನ ಪ್ರಮುಖ ಗ್ರಂಥವು 1536ರಲ್ಲಿ ಮೊದಲು ಹೊರಬಂದ ಅದೇ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ಅದರ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಅಚ್ಚುಕೂಟ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಓದಿದ್ದು ಮೆಲಾಂಕ್‌ಥನ್ನನ ಟ್ಯೂಬಿಂಗೆನ್ನಿನಲ್ಲಿ. ಸುಮಾರು 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನೆಂಡ್ ಕಿಟೆಲರಿಗೆ 1896ರಲ್ಲಿ ಡಾಕ್ಟರ್ ಪದವಿಯನ್ನು ನೀಡಿದ್ದೂ ಅದೇ ವಿಶ್ವವಿದ್ಯಾಲಯ.

ನೀಲಗಿರಿಗೆ ಅವರನ್ನು ಬರಮಾಡಿಕೊಂಡವರು ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. 1846ರಲ್ಲಿ ಕೇತಿಯಲ್ಲಿ ಮಿಷನ್ ಆರಂಭವಾಯಿತು. 1849ರಲ್ಲಿ ತೀರಿಕೊಂಡ ಅವರು ತಮ್ಮ ಆಸ್ತಿಯನ್ನು ಅದಕ್ಕೇ ಬಿಟ್ಟುಹೋದರು. ಕನ್ನಡಿಗರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಮೊಗ್ಲಿಂಗರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಮೊದಲ ಬಾರಿಗೆ ಅಚ್ಚುಹಾಕಿಸಿದ ಗ್ರಂಥಮಾಲೆಗೆ ಹಣವಿತ್ತವರು ಈ ಕಾಸಾಮೇಜರರೇ. ಕರ್ನಾಟಕದ ಮನೆಮನೆಯಲ್ಲಿ ಪುರಂದರದಾಸರನ್ನು ಅಚ್ಚಿನ ಪುಸ್ತಕದಲ್ಲಿ ಓದುವಂತಾದುದರ ಹಿಂದೆ ನಮ್ಮ ಬೆಟ್ಟದವರೊಬ್ಬರ ಕಾಣಿಕೆಯಿದೆ.

1867ರಲ್ಲಿ ಕೋತಗಿರಿಯಲ್ಲಿಯೂ ಮಿಷನ್ನಿನ ಕೇಂದ್ರವಾಯಿತು. ಬಡಗರ ಮಾತು ಕನ್ನಡಕ್ಕೆ ಹತ್ತಿರವೆಂದು ಕಂಡು, ಹಟ್ಟಿಗಳ ಶಾಲೆಗಳಲ್ಲಿ ಅವರು ಕನ್ನಡವನ್ನೇ ಕಲಿಸಿದರು. ಬಂದವರ ಉದ್ದೇಶ ಮತಪ್ರಚಾರವೆಂಬುದರಲ್ಲಿ ಮುಚ್ಚುಮರೆಯಿಲ್ಲ. ಆ ಉದ್ದೇಶವು ಬಹು ನಿಧಾನವಾಗಿ ಸಾಗಿತು. ಮೊದಲ ಬಡಗ ವ್ಯಕ್ತಿಯ ದೀಕ್ಷಾಸ್ನಾನವಾದದ್ದು 1858ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಹಟ್ಟಿಯ ಹಿರಿಯರು ಪಾದ್ರಿಗಳ ದೇವರನ್ನು ಬಿಟ್ಟು ಸ್ಲೇಟನ್ನು ಮಾತ್ರ ತೆಗೆದುಕೊಂಡರು. ಹೆತ್ತೆ ಹಬ್ಬವು ಇಂದಿಗೂ ನಡೆಯುತ್ತಿದೆ, ಓದು ಬರಹವೂ ನಡೆಯುತ್ತಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಡಗು ಮಾತು ಕನ್ನಡದ ಉಪಭಾಷೆಯಲ್ಲ, ಸ್ವತಂತ್ರ ಭಾಷೆಯೇ ಎಂದು ಹೇಳುವ ಭಾಷಾವಿಜ್ಞಾನಿಗಳು ಇಂದು ಅನೇಕರಿದ್ದಾರೆ. ನಾನಾದರೋ ಅದನ್ನು ಕೆಟ್ಟುಹೋದ ಕನ್ನಡವೆಂದು ತಿಳಿದು, ತರಗತಿಯಲ್ಲಿ ಮಕ್ಕಳ ಮನೆಮಾತನ್ನು ಕೆಂಪು ಶಾಯಿಯಿಂದ ತಿದ್ದುತ್ತಿದ್ದೆನು. ಕನ್ನಡವನ್ನು ಕೀಳಾಗಿ ಕಂಡ ಅಧಿಕಾರಿಯ ಮಾತಿಗೆ ಅಷ್ಟು ನೊಂದುಕೊಂಡ ನಾನು, ಹಟ್ಟಿಯಿಂದ ಬಂದ ಮಗುವಿಗೆ ಕನ್ನಡವನ್ನೇ ಲ್ಯಾಟಿನ್ನಾಗಿ ಮಾಡಿದ್ದೆನು. ಅಂದು ತಿದ್ದಿಸಿಕೊಂಡವರಲ್ಲಿ ಕೆಲವರಾದರೂ ಈ ಸಂಚಿಕೆಯನ್ನು ಓದುವರು. ಅವರ ಕ್ಷಮೆಯನ್ನು ಕೋರುತ್ತೇನೆ.

ಕೊನೆಯಲ್ಲಿ ಆ ತರಗತಿಯ ಒಂದು ಮಾತು. ಹುಡುಗರಿಗೆ ಮಾತ್ರವಲ್ಲ, ಹುಡುಗಿಯರಿಗೂ ಶಾಲೆಗಳನ್ನು ತೆರೆಯಬೇಕೆಂದು ಲೂಥರನು 1524ರಲ್ಲಿಯೇ ಕೇಳಿಕೊಂಡನೆಂದೂ, ಮನೆಗೆಲಸದ ನಡುವೆ ಹುಡುಗಿಯರಿಗೂ ದಿನಕ್ಕೆ ಒಂದು ಗಂಟೆಯ ಬಿಡುವನ್ನು ಕೊಡಬಹುದೆಂದು ಬರೆದನೆಂದೂ ನಾನು ಬಹಳ ಮೆಚ್ಚುಗೆಯಿಂದ ಹೇಳಿದೆನು. ಮೂರನೆಯ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಬೆಳಿಗ್ಗೆ ನೀರು ಹೊತ್ತು, ತಮ್ಮಂದಿರಿಗೆ ಗಂಜಿ ಕೊಟ್ಟು, ಎರಡು ಮೈಲು ನಡೆದು ಬರುತ್ತಿದ್ದವಳು. "ಹುಡುಗರಿಗೆ ಎಷ್ಟು ಗಂಟೆ ಸಾರ್?" ಎಂದು ಕೇಳಿದಳು. ಒಂದೆರಡು ಗಂಟೆಯೆಂದು ಬರೆದಿದ್ದಾನಮ್ಮ ಎಂದೆನು. "ಹಾಗಾದರೆ ಆ ಇನ್ನೊಂದು ಗಂಟೆ ನಾವು ಏನು ಮಾಡಬೇಕಂತೆ ಸಾರ್?" ಎಂದಳು.